ಕಮಲಾಪುರದ ಕೆಂಪು ಬಾಳೆಹಣ್ಣು: ಮಂದಿ ಕೇಳೋ ಪ್ರಶ್ನೆ, ನನಗ ತಿಳಿದ ಉತ್ತರ

ನನ್ನ ತವರುಮನಿ ಕಮಲಾಪುರದ ಹತ್ರ, ಕೊಟ್ಟ ಮನಿ ಕಲಬುರಗಿ ಶಹರದಾಗ. ಹುಮನಾಬಾದ ಕಡಿ ಹೋಗೋ ಬಸ್ ಹತ್ತಿದ್ರ ತಾಸಿನ ದಾರಿ. ಮದುವಿ ಆಗಿ ಬಂದಾಗಿಂದ ಈ ಓಣ್ಯಾಗ ನಾನು ‘ಬಾಳೆಹಣ್ಣಿನ ಊರಾಕಿ’. ಶ್ರಾವಣ ಬಂತಂದ್ರ, ಲಗ್ನದ ಸರಾಯಿ ಸುರು ಆಯ್ತಂದ್ರ, ಶರಣಬಸವೇಶ್ವರ ಜಾತ್ರಿ ಹತ್ರ ಬಂತಂದ್ರ, ರಂಜಾನ ಉಪವಾಸ ಸುರು ಆಯ್ತಂದ್ರ ಯಾರರೆ ಒಬ್ಬರು ಬಾಗಲಕ್ಕ ಬಂದು ಕೇಳೇ ಕೇಳತಾರ. ಅದು ಖರೇನ ಬ್ಯಾರೆ ಜಾತಿ ಹಣ್ಣೇನು? ಅಷ್ಟು ತುಟ್ಟಿ ಯಾಕ? ಬಂಡಿಯವ ಕಮಲಾಪುರದ್ದೇ ಅಂತ ಆಣಿ ಮಾಡ್ತಾನ, ನಂಬಬೇಕೋ ಬ್ಯಾಡೋ?

ಎಲ್ಲಾ ಪ್ರಶ್ನೆಗೂ ಒಂದೇ ಕಡಿ ಉತ್ತರ ಬರೆದು ಇಡಬೇಕಂತ ಭಾಳ ದಿನದಿಂದ ಇತ್ತು. ಇದರಾಗ ನಡುವ ಫ್ರಾನ್ಸ್ ದೇಶದ ಶಾಂಪೇನ್ ಸುದ್ದೀನೂ ಬರತದ. ನಮ್ಮಂಥಾ ಮನ್ಯಾಗ ಶಾಂಪೇನ್ ಮಾತ್ಯಾಕ ಅಂತ ಗಾಬರಿ ಆಗಬ್ಯಾಡ್ರಿ. ಕುಡಿಯೋ ಸುದ್ದಿ ಅಲ್ಲ, ಹೆಸರಿನ ಸುದ್ದಿ. ಓದಿಕೋತ ಹೋದ್ರ ತಾನೇ ತಿಳೀತದ.

ಇದು ಬ್ಯಾರೆ ಜಾತಿ ಹಣ್ಣೋ, ಬಣ್ಣದ ಮಾಯೆಯೋ?

ಬ್ಯಾರೆ ಜಾತೀನ. ಬಣ್ಣ ಹಚ್ಚಿದ್ದಲ್ಲ, ಔಷಧ ಹೊಡದದ್ದಲ್ಲ. ಗಿಡ ನೋಡಿದ್ರೇ ಗೊತ್ತಾಗತದ. ಬಾಳಿಗಿಡದ ದಿಂಡೇ ಕೆಂಪಗ ಇರತದ, ಎಲಿ ನಡುವಿನ ದಂಟಿಗೂ ಕೆಂಪು ಛಾಯಾ. ಕಾಯಿ ಇದ್ದಾಗ ಕಂದು ಕೆಂಪು, ಬೀಟರೂಟ್ ಸಿಪ್ಪಿ ಇದ್ದಂಗ. ಮಾಗಿದ ಮ್ಯಾಲ ಕೆಂಪು ತಿಳಿಯಾಗಿ ಒಂದಿಷ್ಟು ಕೇಸರಿ, ಹಳದಿ ಕಡಿ ತಿರುಗತದ. ಒಳಗಿನ ತಿರುಳು ಕೆನಿ ಬಣ್ಣದ್ದು. ಹಣ್ಣು ಗಿಡ್ಡ, ದಪ್ಪ. ಎರಡು ತಿಂದ್ರ ಹೊಟ್ಟಿ ತುಂಬಿದಂಗ ಅನಸತದ.

ಈ ಜಾತಿ ನಮ್ಮಲ್ಲಿ ಅಷ್ಟೇ ಇಲ್ಲ. ತಮಿಳರು ‘ಸೆವ್ವಾಳೈ’ ಅಂತಾರ, ಕೇರಳದವರು ‘ಚೆಂಕದಳಿ’ ಅಂತಾರ. ಕನ್ನಡದಾಗೂ ಚಂದ್ರಬಾಳೆ, ಕೆಂಪುಬಾಳೆ ಅಂತ ಹೆಸರು ಅವ. ಹೊರದೇಶದಾಗ ಇದಕ್ಕ ‘ರೆಡ್ ಡಾಕಾ’ ಅಂತ ಕರೀತಾರ, ಅಂದ್ರ ಬಾಂಗ್ಲಾದ ಢಾಕಾ ಊರಿನ ಹೆಸರು. ನೋಡ್ರಿ, ಹಣ್ಣು ಒಂದೇ, ಆದರ ಹೋದ ಹೋದಲ್ಲಿ ಒಂದೊಂದು ಹೆಸರು ಕಟಗೊಂಡದ.

ಇನ್ನೊಂದು ಮಜಾ ಅದ. ಕೆಂಪು ಬಾಳಿ ಬುಡದಾಗ ಬರೋ ಮರಿಗಳೊಳಗ ಆಗೊಮ್ಮೆ ಈಗೊಮ್ಮೆ ಒಂದು ಹಸರು ಮರಿ ಬರತದ. ಅದು ದೊಡ್ಡದಾದ ಮ್ಯಾಲ ಹಣ್ಣೂ ಹಸರೇ. ಕೆಂಪು ಅನ್ನೋದು ಈ ಗಿಡದಾಗ ಗಟ್ಟಿಯಾಗಿ ಕೂತಿಲ್ಲ, ಜಾರತದ. ಅದಕ್ಕ ತೋಟದವರು ಮರಿ ಆರಿಸೋವಾಗ ಕೆಂಪು ದಂಟಿನ ಮರಿ ನೋಡಿ ನೋಡಿ ಕೀಳತಾರ. ಹಸರು ಮರಿ ಬಿಟ್ಟಕೋತ ಹೋದ್ರ ನಾಕಾರು ವರ್ಷದಾಗ ಕೆಂಪು ತೋಟ ಹಸರು ತೋಟ ಆಗತದ. ನಮ್ಮ ತವರುಮನ್ಯಾಗ ಈ ಮರಿ ಆರಿಸೋ ಕೆಲಸ ಹೆಂಗಸರದ್ದೇ ಇತ್ತು.

ಕಮಲಾಪುರದಾಗೇ ಯಾಕ ಬೆಳೀತದ?

ಕಲಬುರಗಿ ಜಿಲ್ಲಾ ಅಂದ್ರ ಎರಿ ಭೂಮಿ. ಕರಿ ಮಣ್ಣು, ತೊಗರಿ, ಜ್ವಾಳ. ಆದರ ಶಹರ ಬಿಟ್ಟು ಹುಮನಾಬಾದ ರಸ್ತಾ ಹಿಡದು ಹೋದ್ರ, ಮಹಾಗಾಂವ ದಾಟಿದ ಮ್ಯಾಲ ನೆಲದ ಬಣ್ಣ ಬದಲಾಗಲಾಕ ಹತ್ತತದ. ಅದು ಬೀದರ ಕಡಿಂದ ಹಬ್ಬಿ ಬಂದ ಕೆಂಪು ನೆಲ, ನಮ್ಮ ಮಂದಿ ಮಸಾರಿ ಅಂತಾರ. ಏರು ಇಳುವು, ಸಣ್ಣ ಗುಡ್ಡ, ಗುಡ್ಡದ ನಡುವ ತಗ್ಗು. ಆ ತಗ್ಗಿನಾಗ ತೋಟ. ಬಾಳಿಗೆ ಬೇರಿನ ಹತ್ರ ನೀರು ನಿಂತ್ರ ಆಗಂಗಿಲ್ಲ, ನೀರು ಇಲ್ಲದಿದ್ರೂ ಆಗಂಗಿಲ್ಲ. ಮಸಾರಿ ನೆಲ ನೀರು ಕುಡೀತದ, ಹೆಚ್ಚಾದದ್ದು ಬಿಟ್ಟು ಕೊಡತದ. ಎರಿ ಮಣ್ಣು ಹಂಗಲ್ಲ, ಮಳಿಗಾಲದಾಗ ಕೆಸರಾಗಿ ಹಿಡಕೊಂಡು ಕೂಡತದ, ಬ್ಯಾಸಗ್ಯಾಗ ಬಿರಿ ಬಿಡತದ.

ಅದಕ್ಕ ಕಮಲಾಪುರ, ರಾಜನಾಳ, ನಾವನಿಹಾಳ ಇಂಥಾ ನಾಕಾರು ಊರಿನ ಸೀಮ್ಯಾಗ ಇದು ನೆಲಿ ನಿಂತದ. ಯಾವ ಪುಣ್ಯಾತ್ಮ ಮೊದಲ ಮರಿ ತಂದು ಹಚ್ಚಿದನೋ, ಹೆಸರು ಮಾತ್ರ ಊರಿಗೇ ಉಳೀತು. ನಮ್ಮ ಅಜ್ಜ ಹೇಳೋ ಪ್ರಕಾರ ನಿಜಾಮನ ಕಾಲದಾಗೂ ಇಲ್ಲಿ ಕೆಂಪು ತೋಟ ಇದ್ದವು. ನಿಜಾಮನ ರಾಜ್ಯ 1948ರ ಸೆಪ್ಟೆಂಬರದಾಗ ಹೋಯ್ತು. 1956ರ ನವೆಂಬರ 1ಕ್ಕ ನಮ್ಮ ಜಿಲ್ಲಾ ಮೈಸೂರು ರಾಜ್ಯಕ್ಕ ಸೇರಿತು, ಆ ರಾಜ್ಯ 1973ರಾಗ ಕರ್ನಾಟಕ ಆಯ್ತು. ಗುಲಬರ್ಗಾ ಅನ್ನೋ ಹೆಸರು 2014ರಾಗ ಕಲಬುರಗಿ ಆಯ್ತು. 2018ರಾಗ ಕಮಲಾಪುರ ತಾನೇ ಒಂದು ತಾಲ್ಲೂಕ ಆಯ್ತು. ಇಷ್ಟೆಲ್ಲಾ ಹೆಸರು ಬದಲಾದ್ರೂ ಹಣ್ಣಿನ ಹೆಸರು ಮಾತ್ರ ಕಮಲಾಪುರದ ಹಣ್ಣು ಅಂತಲೇ ಇತ್ತು.

ಇಷ್ಟು ತುಟ್ಟಿ ಯಾಕ?

ಇದಕ್ಕ ‘ಶ್ರೀಮಂತರ ಹಣ್ಣು’ ಅಂತಲೇ ಹೆಸರು ಬಿದ್ದದ. ಸಾದಾ ಬಾಳೆಹಣ್ಣು ಡಜನ ಲೆಕ್ಕದಾಗ ತರೋ ಮಂದಿ ಇದನ್ನ ಒಂದೊಂದು ಎಣಿಸಿ ತರತಾರ. ಕಾರಣ ಬಂಡಿಯವನ ಲೋಭ ಅಷ್ಟೇ ಅಂತ ತಿಳಕೋಬ್ಯಾಡ್ರಿ, ಗಿಡದ ಲೆಕ್ಕ ಮಾಡಿ ನೋಡ್ರಿ.

ಈಗ ಎಲ್ಲಾ ಕಡಿ ಹಚ್ಚೋ ಗಿಡ್ಡ ಜಾತಿ ಬಾಳಿ, ಜಿ-9 ಅಂತಾರಲ್ಲ, ಅದು ಹಚ್ಚಿ ಸುಮಾರು ಹನ್ನೊಂದು ಹನ್ನೆರಡು ತಿಂಗಳಿಗೆ ಗೊನಿ ಕೊಡತದ. ಕೆಂಪು ಬಾಳಿ ಸುಮಾರು 18 ತಿಂಗಳು ತಗೋತದ. ಆ ಆರು ತಿಂಗಳು ಹೆಚ್ಚಿಗಿ ನೀರು, ಗೊಬ್ಬರ, ಕಳೆ, ಆಳಿನ ಕೂಲಿ ಎಲ್ಲಾ ರೈತನ ಮ್ಯಾಲೇ. ಮ್ಯಾಲ ಒಂದು ಪೂರಾ ಬ್ಯಾಸಗಿ ಹೆಚ್ಚಿಗಿ ಕಾಯಬೇಕು, ಕಲಬುರಗಿ ಬ್ಯಾಸಗಿ ಹೆಂಗಿರತದಂತ ನಿಮಗೇನು ಹೇಳೋದು. ಗಿಡ ಭಾಳ ಎತ್ತರ ಬೆಳೀತದ, ಗೊನಿ ತೂಕಕ್ಕ ಮುಂದ ಬಾಗತದ. ಮೇ ತಿಂಗಳ ಗಾಳಿ ಮಳಿ ಒಂದು ಸಂಜಿ ಬಂದ್ರ ಹದಿನಾರು ತಿಂಗಳ ಸಾಕಿದ ಗಿಡ ಬುಡಮೇಲಾಗಿ ಬೀಳತದ. ಅದಕ್ಕ ಪ್ರತಿ ಗಿಡಕ್ಕೂ ಗಳದ ಆಸರಿ ಕೊಡಬೇಕು. ಇಷ್ಟೆಲ್ಲಾ ಮಾಡಿದ್ರೂ ಗೊನಿಯಾಗ ಹಣ್ಣಿನ ಸಂಖ್ಯಾ ಜಿ-9ಕಿಂತ ಕಡಿಮಿ.

ಈಗ ನೀವೇ ಲೆಕ್ಕ ಹಾಕ್ರಿ. ತುಟ್ಟಿ ಅಂತ ನಾವು ಅಂತೀವಿ. ಬೆಳದವನಿಗೆ ಆ ಕಿಮ್ಮತ್ತಿನಾಗ ಎಷ್ಟು ಮುಟ್ಟತದ ಅನ್ನೋದು ಬ್ಯಾರೆ ಪ್ರಶ್ನೆ, ಅದಕ್ಕ ಮುಂದ ಬರತೀನಿ.

ಕೆಂಪು ಇದ್ದದ್ದೆಲ್ಲಾ ಕಮಲಾಪುರದ್ದೇನು?

ಅಲ್ಲ. ಈ ಪ್ರಶ್ನೆಗೆ ಉತ್ತರ ಕೊಡಲಾಕ ನಾ ಫ್ರಾನ್ಸ್ ತನಕ ಹೋಗಬೇಕಾಗತದ.

ಎರಡು ವರ್ಷದ ಹಿಂದ ನಮ್ಮ ಮೈದುನನ ಮಗ ಹೊರದೇಶದಿಂದ ಬಂದಾಗ ಅವನ ಚೀಲದಾಗ ಒಂದು ಹಳದಿ ಚೀಟಿ ಅಂಟಿಸಿದ ಬಾಟಲಿ ಇತ್ತು. ಆಫೀಸಿನಾಗ ಕಾಣಿಕಿ ಕೊಟ್ಟಾರಂತ. ನಮ್ಮ ಮನ್ಯಾಗ ಅಂಥಾದ್ದು ಯಾರೂ ಮುಟ್ಟಂಗಿಲ್ಲ, ಅವನೂ ಬೆಂಗಳೂರಿಗೆ ಗೆಳೆಯನಿಗಂತ ಒಯ್ದ. ಆದರ ಬಾಟಲಿ ನಮ್ಮ ಮನ್ಯಾಗ ಇದ್ದ ನಾಕು ದಿನ ಮನಿ ಹೆಂಗಸರೆಲ್ಲಾ ಅದರ ಸುತ್ತ ಕೂತು ಪ್ರಶ್ನೆ ಕೇಳಿದ್ದೇ ಕೇಳಿದ್ದು. ಇದು ಸೆರೆಯೋ, ಸೋಡಾವೋ? ಇಷ್ಟು ಕಿಮ್ಮತ್ತು ಯಾಕ? ಶಾಂಪೇನ್ ಅನ್ನೋದು ಕಂಪನಿ ಹೆಸರೋ, ಪದಾರ್ಥದ ಹೆಸರೋ? ಬಂಡಿ ಮುಂದ ನಿಂತು ಮಂದಿ ಕೇಳೋ ಪ್ರಶ್ನೇನೇ ಇವು, ಹಣ್ಣಿನ ಬದಲಿ ಬಾಟಲಿ, ಅಷ್ಟೇ. ಆ ಹುಡುಗ ಹೇಳಿದ್ದು, ಆಮ್ಯಾಲ ನಾ ಓದಿ ತಿಳಕೊಂಡದ್ದು ಕೂಡಿಸಿ ಹೇಳತೀನಿ.

ಶಾಂಪೇನ್ ಅನ್ನೋದು ಒಂದು ಸೀಮಿ ಹೆಸರು. ಪ್ಯಾರಿಸ್‌ನ ಈಶಾನ್ಯ ದಿಕ್ಕಿನಾಗ, ರೀಮ್ಸ್, ಎಪರ್ನೆ ಅನ್ನೋ ಊರುಗಳ ಸುತ್ತಲಿನ ಸುಣ್ಣಗಲ್ಲಿನ ನೆಲ. ಆ ಗಡಿಯೊಳಗ ಬೆಳದ ದ್ರಾಕ್ಷಿಯಿಂದ, ಅಲ್ಲಿಯ ಪದ್ಧತಿಯಂಗ ಮಾಡಿದ ಬುರುಗಿನ ವೈನಿಗೆ ಮಾತ್ರ ಶಾಂಪೇನ್ ಅನ್ನಬೇಕು. ನಮ್ಮ ನಾಸಿಕದಾಗೂ ಬುರುಗು ಬರೋ ವೈನ್ ಮಾಡತಾರ, ಅದು ಎಷ್ಟೇ ಛಂದ ಇರಲಿ, ಅದಕ್ಕ ಶಾಂಪೇನ್ ಅನ್ನಂಗಿಲ್ಲ. ದ್ರಾಕ್ಷಿ ಕೈಯಿಂದಲೇ ಕೀಳಬೇಕು. ಬಾಟಲಿಯೊಳಗ ಎರಡನೇ ಸಲ ಹುಳಿ ಬರಿಸಿ, ಸಾದಾ ಶಾಂಪೇನ್ ಆದ್ರ ಕನಿಷ್ಠ 15 ತಿಂಗಳು, ಒಂದೇ ವರ್ಷದ ಸುಗ್ಗಿಯಿಂದ ಮಾಡಿದ್ದಾದ್ರ ಕನಿಷ್ಠ 3 ವರ್ಷ ನೆಲಮಾಳಗ್ಯಾಗ ಕೂಡಿಸಬೇಕು. ನಮ್ಮ ಬಾಳಿ 18 ತಿಂಗಳು ಬಿಸಿಲಾಗ ನಿಂತರ, ಅವರ ಬಾಟಲಿ 15 ತಿಂಗಳು ಕತ್ತಲಾಗ ಮಲಗತದ. ಎರಡಕ್ಕೂ ತುಟ್ಟಿ ಅನ್ನೋ ಮಾತು ಬಂದದ್ದು ಕಾಯೋದರಿಂದಲೇ.

ಈ ಗಡಿ, ಈ ನಿಯಮ ಪುಕ್ಕಟ ಬಂದದ್ದಲ್ಲ. 1900ರ ನಂತರದ ವರ್ಷಗಳಾಗ ಅಲ್ಲಿಯ ಕೆಲವು ವ್ಯಾಪಾರಿಗಳು ಬ್ಯಾರೆ ಕಡಿಂದ ಸೋವಿ ದ್ರಾಕ್ಷಿ, ಸೋವಿ ವೈನ್ ತರಿಸಿ ಶಾಂಪೇನ್ ಅಂತ ಮಾರಲಾಕ ಹತ್ತಿದ್ರು. ಅದೇ ಹೊತ್ತಿಗೆ ಬಳ್ಳಿಗೆ ಕೀಟದ ರೋಗ, ಮಳಿ, ಬೂಷ್ಟು. ತೋಟದವರ ಹೊಟ್ಟಿಮ್ಯಾಲೇ ಹೊಡತ ಬಿತ್ತು. 1911ರ ಜನವರಿಯಾಗ ಮಾರ್ನ್ ಕಣಿವಿ ರೈತರು ಹಳ್ಳಿ ಹಳ್ಳಿಯಿಂದ ಎದ್ದು ಬಂದು ಅಂಥಾ ವ್ಯಾಪಾರಿಗಳ ಮಾಳಗಿ ಹೊಕ್ಕು ಪೀಪಾಯಿ ಒಡದು ವೈನ್ ಚೆಲ್ಲಿದ್ರು. ಅದೇ ವರ್ಷ ಏಪ್ರಿಲ್‌ನಾಗ ಆಯ್ ಅನ್ನೋ ಊರಾಗ ವ್ಯಾಪಾರಿಗಳ ಕಟ್ಟಡಕ್ಕ ಬೆಂಕಿ ಬಿತ್ತು, ಸರ್ಕಾರ ಸೈನ್ಯ ಕಳಿಸಿತು.

ಜಗಳದಾಗ ಇನ್ನೊಂದು ಜಗಳ. 1908ರಾಗ ಸರ್ಕಾರ ಮೊದಲ ಗಡಿ ಹಾಕಿದಾಗ ಓಬ್ ಅನ್ನೋ ಜಿಲ್ಲಾ ಹೊರಗ ಬಿಟ್ಟಿತ್ತು. ಹಿಂದಕ್ಕ ಶಾಂಪೇನ್ ಸೀಮಿಗೆ ರಾಜಧಾನಿ ಆಗಿದ್ದ ತ್ರ್ವಾ ಪಟ್ಟಣ ಇರೋದು ಅದೇ ಜಿಲ್ಲಾದಾಗ. ರಾಜಧಾನೀನೇ ಗಡಿ ಹೊರಗ! ಅವ್ರು ಸುಮ್ಮನ ಇರತಾರೇನು? ಅವ್ರೂ ಎದ್ರು. ಕಡೀಕ 1927ರ ಕಾನೂನಿನಾಗ ಅವರನ್ನೂ ಒಳಗ ತಗೊಂಡ್ರು, 1936ರಾಗ ಈಗಿರೋ ಪಕ್ಕಾ ನಿಯಮದ ಚೌಕಟ್ಟು ಬಂತು. ಅಂದ್ರ ಒಂದು ಊರಿನ ಹೆಸರು ಕಾಯಲಾಕ ಅಲ್ಲಿಯ ರೈತರು ಬೀದಿಗೆ ಇಳದು ವರ್ಷಗಟ್ಟಲೆ ಬಡದಾಡಿದ್ರು.

ಹಳದಿ ಚೀಟಿ ಮ್ಯಾಲಿನ ಹೆಸರು ಯಾರದು?

ಆ ಬಾಟಲಿ ಮ್ಯಾಲ ಶಾಂಪೇನ್ ಅಂತ ಒಂದು ಹೆಸರು ಇತ್ತಲ್ಲ, ಅದಕ್ಕಿಂತ ದೊಡ್ಡ ಅಕ್ಷರದಾಗ ಇನ್ನೊಂದು ಹೆಸರು ಇತ್ತು: ವವ್ ಕ್ಲಿಕೊ. ಊರಿನ ಹೆಸರು ಎಲ್ಲರದು, ಈ ಎರಡನೇ ಹೆಸರು ಒಂದು ಮನಿದು. ಮನಿತನದ ಹೆಸರು ಕ್ಲಿಕೊ. ‘ವವ್’ ಅಂದ್ರ ಏನಂತ ನಮ್ಮತ್ತಿ ಕೇಳಿದ್ರು. ಹುಡುಗ ಹೇಳಿದ: ವಿಧವೆ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮ್ಯಾಲ ನಮ್ಮತ್ತಿ ಅಂದ್ರು, ‘ನಮ್ಮಲ್ಲಿ ಮುಂಜಾನೆದ್ದು ಆ ಮುಖ ನೋಡಬ್ಯಾಡ ಅಂತಾರ. ಅಲ್ಲಿ ಬಾಟಲಿ ಮ್ಯಾಲ ಬರದು ಮಾರತಾರೇನು?’

ಮಾರತಾರ, ಅದೂ ಹೆಮ್ಮಿಯಿಂದ. ಬಾರ್ಬ್ ನಿಕೋಲ್ ಅಂತ ಆಕಿ ಹೆಸರು, 1777ರಾಗ ರೀಮ್ಸ್‌ನಾಗ ಹುಟ್ಟಿದಾಕಿ. ಮಾವ 1772ರಾಗ ಸುರು ಮಾಡಿದ ಧಂಧೆ. 1805ರಾಗ ಗಂಡ ತೀರಿದಾಗ ಆಕಿಗೆ 27 ವರ್ಷ, ಉಡಿಯಾಗ ಒಂದು ಸಣ್ಣ ಹೆಣ್ಣುಮಗಳು. ಆವಾಗಿನ ಫ್ರಾನ್ಸ್ ಕಾನೂನಿನಾಗ ಗಂಡನ ಒಪ್ಪಿಗಿ ಇಲ್ಲದ ಹೆಂಡತಿ ತಾನೇ ವ್ಯಾಪಾರ ಮಾಡಂಗಿರಲಿಲ್ಲ, ವಿಧವೆ ಮಾಡಬಹುದಿತ್ತು. ಆಕಿ ಧಂಧೆ ಕೈಗೆ ತಗೊಂಡ್ಳು. ಬಾಟಲಿಯೊಳಗ ತಳಾ ಕೂಡೋ ಗಸಿ ತಗಿಯೋದು ಎಲ್ಲಾರಿಗೂ ದೊಡ್ಡ ತಲಿನೋವಾಗಿತ್ತು. ಹಲಗಿಗೆ ತೂತು ಮಾಡಿ, ಬಾಟಲಿ ಕುತ್ತಿಗಿ ಕೆಳಗ ಮಾಡಿ ನಿಲ್ಲಿಸಿ, ದಿನಾ ಸ್ವಲ್ಪ ಸ್ವಲ್ಪ ತಿರುವಿ ಗಸಿ ಬಾಯಿಗೆ ತಂದು ತಗಿಯೋ ಉಪಾಯ 1816ರ ಸುಮಾರಿಗೆ ಆಕಿ ಮಾಳಗ್ಯಾಗ ಆಯ್ತು. ಮೊದಲ ಹಲಗಿ ಅಡಗಿಮನಿ ಮೇಜೇ ಅಂತ ಹೇಳತಾರ. ನನಗ ಆ ಮಾತು ಭಾಳ ಸೇರಿತು. 1866ರಾಗ ಆಕಿ ತೀರಿದ್ಳು, 1877ರಾಗ ಆ ಹಳದಿ ಚೀಟಿ ಕಾನೂನು ಪ್ರಕಾರ ಆ ಮನಿದೇ ಗುರುತು ಅಂತ ದಾಖಲಾಯ್ತು.

ಅದರಾಗ ಎಷ್ಟು ನಮೂನಿ ಅವ ಅಂದ್ರ, ಮುಖ್ಯ ನಾಕೈದು. ಹಳದಿ ಚೀಟಿದು ಹಲವು ವರ್ಷದ ವೈನ್ ಕೂಡಿಸಿ ಮಾಡಿದ್ದು, ‘ಬ್ರೂಟ್’, ಅಂದ್ರ ಲೀಟರಿಗೆ 12 ಗ್ರಾಮಿಗಿಂತ ಕಡಿಮಿ ಸಕ್ಕರಿ. ‘ಡೆಮಿ ಸೆಕ್’ ಅಂದ್ರ ಸಿಹಿ ಹೆಚ್ಚು, 32ರಿಂದ 50 ಗ್ರಾಮ್. ‘ರೋಸೆ’ ಗುಲಾಬಿ ಬಣ್ಣದ್ದು, ಬಿಳಿ ವೈನಿಗೆ ಕೆಂಪು ವೈನ್ ಬೆರಸಿ ಮಾಡೋದು. ಈ ಪದ್ಧತಿ 1818ರಾಗ ಸುರು ಮಾಡಿದಾಕಿನೂ ಈಕೀನೇ. ‘ವಿಂಟೇಜ್’ ಅಂದ್ರ ಒಂದೇ ವರ್ಷದ ಸುಗ್ಗಿದು. ಎಲ್ಲಾಕ್ಕೂ ತುಟ್ಟಿದು ‘ಲಾ ಗ್ರಾಂಡ್ ದಾಮ್’. ಆ ಮಾತಿನ ಅರ್ಥ ದೊಡ್ಡಾಕಿ. ನಮ್ಮ ಮಾತಿನಾಗ ದೊಡ್ಡವ್ವ ಅಂದಂಗ.

ಆ ಮಾತು ಕೇಳಿ ನನಗ ನಮ್ಮ ದೊಡ್ಡವ್ವ ನೆನಪಾದ್ಳು. ನಮ್ಮ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಸಣ್ಣ ವಯಸ್ಸಿನಾಗೇ ತೀರಿದ, ನಾ ಅವನ್ನ ನೋಡಿಲ್ಲ. ಒಂದೂವರಿ ಎಕರೆ ಕೆಂಪು ಬಾಳಿ ತೋಟ ಆಕೀನೇ ನೋಡಕೊಂಡ್ಳು. ಯಾವ ಮರಿ ಇಡಬೇಕು, ಯಾವುದು ಕೀಳಬೇಕು, ಯಾವ ಗಿಡಕ್ಕ ಗಳ ಕೊಡಬೇಕು, ಎಲ್ಲಾ ಆಕಿ ಕಣ್ಣಿನಾಗ ಇತ್ತು. ಗೊನಿ ಕೊಯ್ದ ಮ್ಯಾಲ ದಂಟಿನ ತುದಿಗೆ ಬಟ್ಟಿನಿಂದ ಎರಡು ಸುಣ್ಣದ ಬೊಟ್ಟು ಇಡತಿದ್ಳು. ಕಲಬುರಗಿ ಬಜಾರದಾಗ ತಗೊಳ್ಳೋ ಮಂದಿ ಆ ಬೊಟ್ಟು ನೋಡಿ ‘ಇದು ಆ ತೋಟದ್ದು’ ಅಂತ ಗೊನಿ ತಿರುವಿ ಸೈತ ನೋಡತಿರಲಿಲ್ಲ.

ಆದರ ಲೆಕ್ಕದ ಚೀಟಿಯಾಗ ಹೆಸರು ನಮ್ಮ ಅಪ್ಪಂದು. ಊರಾಗ ಲಗ್ನ ಇದ್ರ ಉಡಿ ತುಂಬಲಾಕ ಆಕಿ ತೋಟದ ಹಣ್ಣೇ ಬೇಕು, ಆಕಿ ಕೈ ಮಾತ್ರ ಬ್ಯಾಡ. ಹಣ್ಣು ಮುಂಬಾಗಲಿನಿಂದ ಒಳಗ ಹೋಗತಿತ್ತು, ಆಕಿ ಹಿತ್ತಲದಾಗ ಭಾಂಡಿ ತಿಕ್ಕಿಕೋತ ಕೂಡತಿದ್ಳು. ನಾ ಆವಾಗ ಸಣ್ಣಾಕಿ, ಇದರಾಗ ಏನು ತಪ್ಪದ ಅಂತ ನನಗಲ್ಲ, ಯಾರಿಗೂ ಅನಸತಿರಲಿಲ್ಲ. ಆಕಿ ಹೆಸರು ಯಾವ ಕಾಗದದಾಗೂ ಇಲ್ಲ. ಇದ್ದದ್ದು ಆ ಎರಡು ಬೊಟ್ಟು ಅಷ್ಟೇ. ಆಕಿ ಕೈಲಾಗದಂಗ ಆದ ಮ್ಯಾಲ ಬೊಟ್ಟು ಇಡೋದೂ ನಿಂತಿತು.

ನಮ್ಮ ಹಣ್ಣಿಗೂ ಸರ್ಕಾರದ ಕಾಗದ ಅದ ಅಲ್ಲ?

ಅದ. ಭಾರತದಾಗ ಊರಿನ ಹೆಸರು ಹೊತ್ತ ಪದಾರ್ಥಗಳನ್ನ ಕಾಯಲಾಕ 1999ರಾಗ ಕಾನೂನು ಆಯ್ತು, 2003ರ ಸೆಪ್ಟೆಂಬರದಿಂದ ಜಾರಿಗೆ ಬಂತು. ಭೌಗೋಳಿಕ ಗುರುತು ಅಂತಾರ, ಮಂದಿ ಬಾಯಾಗ ಜಿಐ. ಮೊದಲ ನಂಬರ ಡಾರ್ಜಿಲಿಂಗ್ ಚಹಾಕ್ಕ. ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ನಂಬರ 133. ಅದೇ ಪಟ್ಟಿಯಾಗ ಫ್ರಾನ್ಸಿನ ಶಾಂಪೇನೂ ಅದ, ಹೊರದೇಶದ ಹೆಸರುಗಳನ್ನೂ ಇಲ್ಲಿ ದಾಖಲು ಮಾಡಿಸಬಹುದು. ಅಂದ್ರ ಕಾಗದದ ಮ್ಯಾಲ ನಮ್ಮೂರ ಹಣ್ಣು, ಆ ಬಾಟಲಿ ಎರಡೂ ಒಂದೇ ಪಂಕ್ತಿಯಾಗ ಕೂತಾವ. ಈ ದಾಖಲಿ ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ತೋಟದವರೂ ತಮ್ಮ ಹೆಸರು ಅಧಿಕೃತ ಬಳಕೆದಾರರು ಅಂತ ಬರಿಸಬೇಕು, ಆವಾಗ ಆ ಹೆಸರು, ಆ ಚಿಹ್ನಿ ಹಚ್ಚಿ ಮಾರೋ ಹಕ್ಕು ಪಕ್ಕಾ ಆಗತದ.

ಪಂಕ್ತಿ ಒಂದೇ ಆದ್ರೂ ಊಟ ಒಂದೇ ಅಲ್ಲ. ಶಾಂಪೇನ್ ಬಾಟಲಿ ಮ್ಯಾಲ ಎರಡು ಹೆಸರು ಇರತಾವ ಅಂದ್ನಲ್ಲ: ಊರಿಂದು, ಮನಿದು. ಮೋಸ ಆದ್ರ ಯಾವ ಮನಿ ಬಾಗಲಾ ಬಡೀಬೇಕಂತ ಗೊತ್ತಿರತದ. ಕಮಲಾಪುರದ ಹಣ್ಣಿಗೆ ಊರಿನ ಹೆಸರು ಒಂದೇ ಅದ. ಯಾವ ತೋಟದ್ದು, ಯಾವ ಮನಿದು ಅನ್ನೋ ಗುರುತು ಇಲ್ಲ, ಚೀಟಿ ಇಲ್ಲ, ಡಬ್ಬಿ ಇಲ್ಲ. ಬಂಡಿ ಮ್ಯಾಲ ಕೂತ ಕೆಂಪು ಹಣ್ಣು ತಮಿಳುನಾಡಿಂದ ಲಾರಿಯಾಗ ಬಂದದ್ದಿರಬಹುದು, ಅದೂ ಒಳ್ಳೆ ಹಣ್ಣೇ ಇರಬಹುದು, ಆದರ ಅದನ್ನ ಕಮಲಾಪುರದ್ದು ಅಂತ ಮಾರಿದ್ರ ನಮ್ಮೂರ ರೈತನ 18 ತಿಂಗಳು ಯಾರದೋ ಗಲ್ಲಾಕ್ಕ ಹೋದಂಗ. ಗುರುತಿಲ್ಲದ ಹೆಸರು ಬಾಗಲಿಲ್ಲದ ಮನಿ ಇದ್ದಂಗ, ಯಾರು ಬೇಕಾದ್ರೂ ಹೊಕ್ಕು ಬರತಾರ.

ಕಾಗದ ತೋಟ ಉಳಸಂಗಿಲ್ಲ ಅನ್ನೋದಕ್ಕ ನಮ್ಮ ರಾಜ್ಯದಾಗೇ ಸಾಕ್ಷಿ ಅದ. ನಂಜನಗೂಡಿನ ರಸಬಾಳೆ ನಮಗಿಂತ ಮೊದಲೇ ಈ ಪಟ್ಟಿ ಸೇರಿದ್ದು. ಸೊರಗು ರೋಗ ಬಿದ್ದು ಅದರ ತೋಟ ಎಷ್ಟು ಕಡಿಮಿ ಆದವು ಅಂದ್ರ, ಹೆಸರು ಕೇಳಿದವರು ಸಾವಿರ, ತಿಂದವರು ಹತ್ತು ಅನ್ನಂಗ ಆಗ್ಯಾದ. ನಮ್ಮ ತವರುಮನಿ ಕಡೀನೂ ನಾ ನೋಡಿದಂಗ ಕೆಂಪು ಬಾಳಿ ಇದ್ದ ಹೊಲದಾಗ ಈಗ ಕಬ್ಬು ಬಂದದ, ಜಿ-9 ಬಂದದ. ಅವರನ್ನ ಬೈಯಂಗಿಲ್ಲ. ವರ್ಷಕ್ಕೊಮ್ಮೆ ರೊಕ್ಕ ಬರೋದು ಬಿಟ್ಟು ಒಂದೂವರಿ ವರ್ಷ ಕಾಯ್ರಿ ಅಂತ ಹೇಳಲಾಕ ನಾವ್ಯಾರು, ಕಾದದ್ದಕ್ಕ ಸರಿಯಾದ ಕಿಮ್ಮತ್ತು ಅವರಿಗೇ ಮುಟ್ಟಲಿಲ್ಲಂದ್ರ?

ಆಗಂಗಿಲ್ಲ ಅಂತೇನಿಲ್ಲ. ನಮ್ಮ ಕಲಬುರಗಿ ತೊಗರಿಬ್ಯಾಳಿಗೆ 2019ರಾಗ ಜಿಐ ಸಿಕ್ತು. ಅದಕ್ಕ ‘ಭೀಮಾ ಪಲ್ಸ್’ ಅಂತ ಒಂದು ಹೆಸರಿಟ್ಟು, ಪಾಕೀಟ ಮಾಡಿ ತೊಗರಿ ಮಂಡಳಿಯವರು ಮಾರಲಾಕ ಹತ್ತಿದ್ರು. ಊರಿನ ಹೆಸರಿನ ಜೋಡಿ ಒಂದು ಗುರುತು ಬಂತು. ಬಾಳೆಹಣ್ಣಿಗೂ ಹಂಗೇ ಆಗಬೇಕು. ಬೆಳೆಯೋ ನಾಕು ಮನಿಯವರು ಕೂಡಿ ಫಣಿಗೊಂದು ಚೀಟಿ, ಚೀಟಿ ಮ್ಯಾಲ ಕಮಲಾಪುರ, ಅದರ ಕೆಳಗ ತೋಟದವರ ಹೆಸರು. ತೋಟದಾಗ ದುಡದಾಕಿ ಹೆಂಗಸಾದ್ರ ಆಕಿ ಹೆಸರೇ ಇರಲಿ. ದೊಡ್ಡವ್ವನ ಎರಡು ಬೊಟ್ಟು ಮಾಡಿದ ಕೆಲಸ ಇಷ್ಟೇ ಇತ್ತು.

ಹೆಂಗ ಆರಿಸಬೇಕು, ಹೆಂಗ ತಿನ್ನಬೇಕು?

ಬಣ್ಣ ನೋಡಿ ಊರು ಹೇಳಲಾಕ ಯಾರಿಗೂ ಬರಂಗಿಲ್ಲ, ನನಗೂ ಬರಂಗಿಲ್ಲ. ಅದಕ್ಕ ಬಾಯಿ ಬಿಟ್ಟು ಕೇಳ್ರಿ: ಯಾವ ಊರಿಂದು, ಯಾರ ತೋಟದ್ದು, ಯಾವಾಗ ಬಂತು? ಖರೇ ಕಮಲಾಪುರದಿಂದ ತರೋ ಮನಷ್ಯಾ ತೋಟದ ಹೆಸರು ಥಟ್ಟನ ಹೇಳತಾನ. ಬರೇ ‘ಕಮಲಾಪುರದ್ದೇರಿ’ ಅಂತ ಹಾಡು ಹಾಡಿದ್ರ ತಿಳಕೋರಿ. ಬೀದರ ಕಡಿ ಹೋಗೋರು ಕಮಲಾಪುರದಾಗ ಇಳದು ಅಲ್ಲೇ ತಗೊಂಡ್ರ ಇನ್ನೂ ಛಲೋ, ರೊಕ್ಕ ಬೆಳದವರ ಹತ್ರ ಉಳೀತದ.

ಕಂದು ಕೆಂಪಾಗಿ ಗಟ್ಟಿ ಇದ್ರ ಇನ್ನೂ ಕಾಯಿ. ಈ ಹಣ್ಣು ಸಾದಾ ಬಾಳೆಹಣ್ಣಿಗಿಂತ ಸಾವಕಾಶ ಮಾಗತದ, ಅವಸರ ಮಾಡಿ ಸುಲದ್ರ ಬಾಯಿ ಒಗರಾಗತದ. ಫ್ರಿಜ್ಜಿನಾಗ ಇಡಬ್ಯಾಡ್ರಿ. ಬುಟ್ಟಿಯಾಗ ಹುಲ್ಲು, ಇಲ್ಲಾ ಕಾಗದ ಹಾಸಿ ಇಡ್ರಿ. ಕೆಂಪು ತಿಳಿಯಾಗಿ, ಬೆರಳು ಒತ್ತಿದ್ರ ಸ್ವಲ್ಪ ಮೆತ್ತಗ ಅನಸಿ, ಘಮ ಬಂದ್ರ ತಿನ್ನಲಾಕ ತಯಾರು. ಸಿಪ್ಪಿ ಮ್ಯಾಲ ಕರಿ ಚುಕ್ಕಿ ಬಂದ್ರ ಕೆಟ್ಟದಂತ ಒಗಿಬ್ಯಾಡ್ರಿ, ಆವಾಗಲೇ ರುಚಿ ಹೆಚ್ಚು. ಸಕ್ಕರಿ ರೋಗ ಇದ್ದವರು ಇದೂ ಬಾಳೆಹಣ್ಣೇ ಅನ್ನೋದು ಮರೀಬ್ಯಾಡ್ರಿ. ಕೆಂಪು ಹಣ್ಣು ತಿಂದ್ರ ಗಂಡು ಕೂಸು ಹುಟ್ಟತದ ಅಂತ ಬಸುರೆಂಗಸರಿಗೆ ಹೇಳೋರಿದ್ದಾರ. ಅದು ಸುಳ್ಳು, ಹಣ್ಣಿಗೆ ಆ ಶಕ್ತಿ ಇಲ್ಲ.

ನಮ್ಮ ಮನ್ಯಾಗ ಶೀಕರಣಿ ಮಾಡೋದು ಹಿಂಗ: ಚೆನ್ನಾಗಿ ಮಾಗಿದ ನಾಕು ಹಣ್ಣು ಕೈಯಿಂದ ಕಿವುಚಬೇಕು, ಮಿಕ್ಸರಿಗೆ ಹಾಕಿದ್ರ ಅಂಟಾಗತದ. ಕಾಸಿ ಆರಿಸಿದ ಒಂದು ಬಟ್ಟಲ ಹಾಲು, ಏಲಕ್ಕಿ ಪುಡಿ ಚಿಟಿಕಿ, ಒಂದು ಚಮಚಾ ತುಪ್ಪ. ಸಕ್ಕರಿ ಹಾಕೋಕಿಂತ ಮೊದಲ ರುಚಿ ನೋಡ್ರಿ, ಭಾಳ ಸಲ ಬೇಕಾಗಂಗಿಲ್ಲ. ಬಿಸಿ ಚಪಾತಿ ಜೋಡಿ ಕೂಡ್ರಿ. ಹಾಲಿನಾಗ ಹಣ್ಣು ಕಲಸಿ ಭಾಳ ಹೊತ್ತು ಇಡಬ್ಯಾಡ್ರಿ, ಊಟಕ್ಕ ಕೂಡೋ ಹೊತ್ತಿಗೇ ಮಾಡ್ರಿ.